ಫ್ಲ್ಯಾಶ್‌ಬ್ಯಾಕ್ ಇಲ್ಲದ ಕೇಡು: ಭಯಾನಕ ಚಿತ್ರಗಳಲ್ಲಿ ಸೈತಾನ

ಟೆಂಟ್ ಸಿನಿಮಾ ಬರೆದದ್ದು:

ದೆವ್ವದ ಸಿನಿಮಾ ಎಂದರೆ ಹೇಗಿರುತ್ತದೆ ಎಂದು ಕನ್ನಡದ ಪ್ರೇಕ್ಷಕರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಊರಾಚೆಯ ಒಂದು ಹಳೆಯ ಮನೆ, ಅಲ್ಲಿ ಹಿಂದೆಂದೋ ಅನ್ಯಾಯವಾಗಿ ಸತ್ತ ಒಂದು ಜೀವ, ತಿಳಿಯದೆ ಬಂದು ಸೇರಿಕೊಂಡ ಒಂದು ಸಂಸಾರ, ಮಧ್ಯಂತರದ ಹೊತ್ತಿಗೆ ಮನೆಯ ಸೊಸೆಯನ್ನೋ ಮಗನನ್ನೋ ಮೆಟ್ಟಿಕೊಳ್ಳುವ ಆ ಜೀವ, ಆಮೇಲೆ ಫ್ಲ್ಯಾಶ್‌ಬ್ಯಾಕ್. ಅದು ಮುಗಿಯುವಷ್ಟರಲ್ಲಿ ದೆವ್ವದ ಮೇಲಿದ್ದ ನಮ್ಮ ಭಯ ಮರುಕವಾಗಿರುತ್ತದೆ. 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ನಾಯಕನನ್ನು ಹಿಡಿದ ಕಾಮಿನಿಗೆ ತೀರದ ಬಯಕೆಯಿದೆ, 2004ರ ‘ಆಪ್ತಮಿತ್ರ’ದ ನಾಗವಲ್ಲಿಗೆ ತೀರಿಸಿಕೊಳ್ಳಬೇಕಾದ ಸೇಡಿದೆ. ಎರಡನೆಯ ಚಿತ್ರ ಇದೆಲ್ಲ ಮನಸ್ಸಿನ ಕಾಯಿಲೆ ಎಂದು ಹೇಳುತ್ತದಾದರೂ, ಅದನ್ನು ಗುಣಪಡಿಸುವುದಕ್ಕೂ ಕೊನೆಗೆ ನಾಗವಲ್ಲಿಯ ಸೇಡು ತೀರಿದಂತೆ ಮಾಡಿ ತೋರಿಸಲೇಬೇಕಾಗುತ್ತದೆ.

ಬೇಕಾದದ್ದು ಸಿಕ್ಕರೆ ದೆವ್ವ ಬಿಟ್ಟುಹೋಗುತ್ತದೆ ಎಂಬ ಈ ತಿಳಿವಳಿಕೆಯನ್ನು ಇಟ್ಟುಕೊಂಡೇ ನಾನು ಕಾಲೇಜಿನ ದಿನಗಳಲ್ಲಿ, ಗೆಳೆಯನ ಕೋಣೆಯ ಸಣ್ಣ ಟಿವಿಯಲ್ಲಿ, ವಿಲಿಯಂ ಫ್ರೀಡ್ಕಿನ್ ನಿರ್ದೇಶಿಸಿದ 1973ರ ‘ದಿ ಎಕ್ಸಾರ್ಸಿಸ್ಟ್’ ನೋಡಿದೆ. ಚಿತ್ರ ಮುಗಿಯುವವರೆಗೂ ಫ್ಲ್ಯಾಶ್‌ಬ್ಯಾಕಿಗಾಗಿ ಕಾಯುತ್ತಲೇ ಇದ್ದೆ. ಅದು ಬರಲೇ ಇಲ್ಲ. ಹನ್ನೆರಡು ವರ್ಷದ ರೇಗನ್ ಯಾರಿಗೂ ಕೇಡು ಬಗೆದವಳಲ್ಲ, ಅವಳ ಮನೆಯಲ್ಲಿ ಯಾರೂ ಅನ್ಯಾಯವಾಗಿ ಸತ್ತಿಲ್ಲ. ಆತ್ಮಗಳನ್ನು ಕರೆಯುವ ‘ವೀಜಾ’ (Ouija) ಬೋರ್ಡಿನ ಆಟ ಆಡಿದ್ದಾಳೆ ನಿಜ, ಆದರೆ ಕಾರಣ ಅದೇ ಎಂದು ಚಿತ್ರ ಎಲ್ಲಿಯೂ ಒತ್ತಿ ಹೇಳುವುದಿಲ್ಲ. ಅವಳೊಳಗೆ ಸೇರಿಕೊಂಡದ್ದಕ್ಕೆ ಅವಳಿಂದ ಬೇಕಾದದ್ದು ಏನೂ ಇಲ್ಲ. ಅಂದು ರಾತ್ರಿ ನನಗೆ ನಿದ್ದೆ ಬಾರದಿದ್ದದ್ದು ತಿರುಗಿದ ಕತ್ತಿನಿಂದಲೂ ಹಸಿರು ವಾಂತಿಯಿಂದಲೂ ಅಲ್ಲ. ಏನನ್ನು ಕೊಟ್ಟರೂ ಹೋಗದ ಒಂದು ವಸ್ತು ಇರಬಹುದು ಎಂಬ ಯೋಚನೆಯಿಂದ.

‘ಈ ಹುಡುಗಿಯೇ ಯಾಕೆ?’ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಒಂದು ದೃಶ್ಯವನ್ನು ಚಿತ್ರೀಕರಿಸಿದ್ದರು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ರೇಗನ್‌ಳ ಪಿಶಾಚಿ ಬಿಡಿಸಲು ಬಂದ ಇಬ್ಬರು ಪಾದ್ರಿಗಳು ಮೆಟ್ಟಿಲ ಮೇಲೆ ದಣಿದು ಕುಳಿತಿರುವಾಗ ಕಿರಿಯರು ಇದನ್ನು ಕೇಳುತ್ತಾರೆ. ನಾವು ನಮ್ಮನ್ನೇ ಪಶುಗಳೆಂದು, ಕುರೂಪಿಗಳೆಂದು, ದೇವರು ಪ್ರೀತಿಸಲಾರದವರೆಂದು ಕಂಡುಕೊಂಡು ಹತಾಶರಾಗಲಿ ಎಂಬುದೇ ಇದರ ಉದ್ದೇಶವಿರಬೇಕು ಎಂದು ಹಿರಿಯರು ಉತ್ತರಿಸುತ್ತಾರೆ. 1973ರಲ್ಲಿ ಕತ್ತರಿಸಿದ್ದ ಈ ಮಾತುಕತೆಯನ್ನು 2000ದ ಆವೃತ್ತಿಯಲ್ಲಿ ಮತ್ತೆ ಸೇರಿಸಲಾಯಿತು. ಅಂದರೆ ಗುರಿ ಹುಡುಗಿಯಲ್ಲ, ಮಂಚದ ಸುತ್ತ ನಿಂತು ನೋಡುತ್ತಿರುವವರು. ಆ ನೋಡುವವರಲ್ಲಿ ನಾವೂ ಸೇರಿದ್ದೇವೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಸೈತಾನನ ಚಿತ್ರಗಳು ನಮ್ಮ ದೆವ್ವದ ಚಿತ್ರಗಳಿಗಿಂತ ಬೇರೆಯದೇ ಒಂದು ಜಾತಿ, ಮತ್ತು ಅವುಗಳ ಭಯದ ಬೇರು ಇರುವುದು ಈ ಕಾರಣವಿಲ್ಲದಿರುವಿಕೆಯಲ್ಲಿ. ನಿಮಗೆ ಏನನ್ನಿಸುತ್ತದೆ? ‘ನೋಡಲೇಬೇಕಾದ ಹತ್ತು ಚಿತ್ರಗಳು’ ಎಂಬಂಥ ಪಟ್ಟಿ ಬೇಡ. ಯಾವುದಾದರೂ ಒಂದು ಚಿತ್ರವನ್ನು ಹಿಡಿದು ನಿಧಾನವಾಗಿ ಬರೆದರೆ ಸಂತೋಷ. ಕಥೆಯ ಕೊನೆಯನ್ನು ಹೇಳುವವರು ಮೊದಲೇ ಎಚ್ಚರಿಸಿ ಹೇಳಿ.

ಷಟ್ಪದಿ ಬರೆದದ್ದು:

ನಿಮ್ಮ ವಿಂಗಡಣೆ ಚೆನ್ನಾಗಿದೆ, ಆದರೆ ನಮ್ಮಲ್ಲಿ ಅಂಥದ್ದು ಇಲ್ಲವೇ ಇಲ್ಲ ಎನ್ನುವುದನ್ನು ನಾನು ಒಪ್ಪಲಾರೆ. ನಳನ ಕಥೆಯನ್ನು ನೆನಪಿಸಿಕೊಳ್ಳಿ. ಮಹಾಭಾರತದಲ್ಲಿ ಕಲಿಪುರುಷನು ನಳನೊಳಗೆ ಹೊಗಲು ಹನ್ನೆರಡು ವರ್ಷ ಕಾಯುತ್ತಾನೆ. ಒಂದು ಸಂಜೆ ನಳನು ಕಾಲು ತೊಳೆಯದೆ ಸಂಧ್ಯಾವಂದನೆಗೆ ಕುಳಿತದ್ದೇ ಅವನಿಗೆ ಸಾಕಾಗುತ್ತದೆ. ಅಷ್ಟು ಸಣ್ಣ ಬಿರುಕಿನಿಂದ ಒಳಹೊಕ್ಕು, ಜೂಜಾಡಿಸಿ, ರಾಜ್ಯ ಕಳೆಸಿ, ನಡುಕಾಡಿನಲ್ಲಿ ಹೆಂಡತಿಯನ್ನು ಬಿಟ್ಟುಹೋಗುವಂತೆ ಮಾಡುತ್ತಾನೆ. ಕನಕದಾಸರ ‘ನಳಚರಿತ್ರೆ’ಯನ್ನು ಶಾಲೆಯಲ್ಲಿ ಓದಿದವರಿಗೆ ಆ ಕಾಡಿನ ಭಾಗ ಮರೆತಿರಲಾರದು. ಒಳ್ಳೆಯವನೊಬ್ಬ ತನ್ನ ಕೈಯಾರೆ ತನ್ನವರನ್ನು ಹಾಳುಮಾಡುತ್ತಿರುವಾಗ, ಮಾಡುತ್ತಿರುವವನು ಅವನೋ ಒಳಗಿರುವವನೋ ಎಂದು ತಿಳಿಯದ ಆ ಸಂಕಟಕ್ಕಿಂತ ದೊಡ್ಡ ಭಯಾನಕ ವಸ್ತು ಯಾವ ಸಿನಿಮಾದಲ್ಲಿದೆ?

ಟೆಂಟ್ ಸಿನಿಮಾ ಬರೆದದ್ದು:

ಷಟ್ಪದಿ ಅವರೇ, ಕಲಿ ನನ್ನ ನೆನಪಿಗೇ ಬಂದಿರಲಿಲ್ಲ. ಇದು ಗಟ್ಟಿಯಾದ ಆಕ್ಷೇಪಣೆ. ಆದರೂ ಒಂದು ಮಾತು. ಕಲಿಗೆ ಕಾರಣವಿದೆ: ದಮಯಂತಿಯು ದೇವತೆಗಳನ್ನು ಬಿಟ್ಟು ಮನುಷ್ಯನಿಗೆ ಮಾಲೆ ಹಾಕಿದಳೆಂಬ ಸಿಟ್ಟು. ಅಷ್ಟೇ ಅಲ್ಲ, ನಳನನ್ನು ಕಚ್ಚಿದ ಕಾರ್ಕೋಟಕ ಸರ್ಪದ ವಿಷದಿಂದ ಅವನು ಒಳಗೇ ಬೇಯುತ್ತಿರುತ್ತಾನೆ, ಹೊರಬಂದ ಮೇಲೆ ಕೈಮುಗಿದು ನಡುಗುತ್ತಾನೆ. ಅವನಿಗೂ ನೋವಿದೆ, ಅವನಿಗೂ ಭಯವಿದೆ. ನಾನು ಹೇಳುತ್ತಿರುವ ಚಿತ್ರಗಳಲ್ಲಿ ಒಳಹೊಕ್ಕದ್ದಕ್ಕೆ ನೋವಿದೆ ಎಂದು ನಮಗೆ ಒಮ್ಮೆಯೂ ಅನ್ನಿಸುವುದಿಲ್ಲ.

ಕೊಡಿಯಾಲ್ ಬರೆದದ್ದು:

ನಾನು ಮಂಗಳೂರಿನ ಕೊಂಕಣಿ ಕೆಥೋಲಿಕ್ ಮನೆತನದವಳು, ಆದ್ದರಿಂದ ಈ ವಿಷಯ ನನಗೆ ಸಿನಿಮಾದಿಂದ ಶುರುವಾದದ್ದಲ್ಲ. ನಮ್ಮಲ್ಲಿ ಮಗುವಿಗೆ ದೀಕ್ಷಾಸ್ನಾನ ಮಾಡಿಸುವಾಗ, ತಲೆಗೆ ನೀರು ಹೊಯ್ಯುವ ಮೊದಲು, ಸೈತಾನನನ್ನೂ ಅವನ ಕೃತ್ಯಗಳನ್ನೂ ತ್ಯಜಿಸುತ್ತೀರಾ ಎಂದು ಪಾದ್ರಿಗಳು ತಂದೆತಾಯಿಯರನ್ನೂ ಜ್ಞಾನ ಮಾತಾಪಿತರನ್ನೂ (ಮಗುವಿನ ಧಾರ್ಮಿಕ ಪಾಲಕರಾಗಿ ನಿಲ್ಲುವವರು) ಕೇಳುತ್ತಾರೆ. ಅಕ್ಕನ ಮಗನಿಗೆ ನಾನು ಜ್ಞಾನ ತಾಯಿಯಾಗಿ ನಿಂತಾಗ ಮಗು ನನ್ನ ತೋಳಿನಲ್ಲಿ ನಿದ್ದೆ ಹೋಗಿತ್ತು. ‘ತ್ಯಜಿಸುತ್ತೇನೆ’ ಎಂದು ಅದರ ಪರವಾಗಿ ನಾನು ಹೇಳಿದೆ. ಆ ಮಾತನ್ನು ಬಾಯಿಬಿಟ್ಟು ಹೇಳಿದ ಮೇಲೆ ಇಂಥ ಚಿತ್ರಗಳನ್ನು ನೋಡುವ ನನ್ನ ರೀತಿಯೇ ಬದಲಾಯಿತು. ಹೇಳಿದ್ದು ಮಗುವಿನ ಪರವಾಗಿ, ಉಳಿಸಿಕೊಳ್ಳಬೇಕಾದದ್ದು ನಾನು.

ಟೆಂಟ್ ಸಿನಿಮಾ ಅವರು ಹೇಳಿದ ಫ್ಲ್ಯಾಶ್‌ಬ್ಯಾಕ್ ಬಗ್ಗೆ ಒಂದು ತಿದ್ದುಪಡಿ ಮಾಡಬೇಕು. ಸೈತಾನನಿಗೂ ಹಿಂದಿನ ಕಥೆಯೊಂದಿದೆ. ಬೈಬಲ್ಲಿನ ಯೋಬನ ಗ್ರಂಥದಲ್ಲಿ ಅವನು ದೇವರ ಸಭೆಯಲ್ಲಿ ನಿಂತು, ಯೋಬನನ್ನು ಪರೀಕ್ಷಿಸಲು ದೇವರಿಂದಲೇ ಅನುಮತಿ ಪಡೆಯುವ ಆಪಾದಕ. ಹೀಬ್ರೂ ಭಾಷೆಯಲ್ಲಿ ಆ ಪದದ ಅರ್ಥವೂ ಎದುರಾಳಿ, ಆಪಾದಿಸುವವನು ಎಂದೇ. ದೇವರಿಗೆ ತಿರುಗಿಬಿದ್ದು ಸ್ವರ್ಗದಿಂದ ಬಿದ್ದ ದೂತನ ಕಥೆ ಅನಂತರ ಬೆಳೆದು, 1667ರಲ್ಲಿ ಮಿಲ್ಟನ್ ಕವಿಯ ಮಹಾಕಾವ್ಯದಲ್ಲಿ ಎಷ್ಟು ದೊಡ್ಡದಾಯಿತೆಂದರೆ, ಓದುವವರಿಗೆ ಸೈತಾನನ ಮೇಲೆಯೇ ಅಭಿಮಾನ ಹುಟ್ಟುವಷ್ಟು. ಭಯಾನಕ ಚಿತ್ರದವರು ಅದನ್ನು ಅರಿಯದವರಲ್ಲ, ಬೇಕೆಂದೇ ಬದಿಗಿಟ್ಟರು. ಕಥೆ ಹೇಳಿದರೆ ಮರುಕ ಬರುತ್ತದೆ, ಮರುಕ ಬಂದರೆ ಭಯ ಹೋಗುತ್ತದೆ ಎಂಬುದು ಅವರಿಗೂ ತಿಳಿದಿತ್ತು ಎಂದು ನನ್ನ ಎಣಿಕೆ.

ಇನ್ನೊಂದು ವಿಷಯ. ‘ದಿ ಎಕ್ಸಾರ್ಸಿಸ್ಟ್’ನಲ್ಲಿ ಪಾದ್ರಿಗಳ ಪಾತ್ರ ಮಾಡಿದವರಲ್ಲಿ ನಿಜವಾದ ಜೆಸ್ವಿತ್ ಪಾದ್ರಿಗಳೂ ಇದ್ದರು. ಚಿತ್ರ ನೋಡಿದವರೆಲ್ಲ ಮಂಚದ ದೃಶ್ಯಗಳನ್ನು ನೆನೆಯುತ್ತಾರೆ, ಆದರೆ ನನಗೆ ಇಂದಿಗೂ ನೋಡಲಾಗದಿರುವುದು ಆಸ್ಪತ್ರೆಯ ದೃಶ್ಯ. ಕತ್ತಿನ ರಕ್ತನಾಳಕ್ಕೆ ಸೂಜಿ ಚುಚ್ಚಿದಾಗ ರಕ್ತ ಚಿಮ್ಮುವುದು, ಯಂತ್ರದ ಬಡಿತದ ಸದ್ದು, ಆ ಮಗುವಿನ ಮುಖ. ಅಲ್ಲಿ ಯಾವ ಪಿಶಾಚಿಯೂ ಇಲ್ಲ, ಎಲ್ಲರೂ ಅವಳಿಗೆ ಒಳ್ಳೆಯದನ್ನೇ ಮಾಡುತ್ತಿದ್ದಾರೆ. ವೈದ್ಯರ ದಾರಿಗಳೆಲ್ಲ ಮುಗಿದ ಮೇಲೆಯೇ ಚಿತ್ರ ಪಾದ್ರಿಗಳ ಬಳಿಗೆ ಹೋಗುತ್ತದೆ. ಚರ್ಚಿನ ಕ್ರಮವೂ ಅದೇ: 1614ರ ರೋಮನ್ ವಿಧಿಗ್ರಂಥವೇ ಪಿಶಾಚಿ ಹಿಡಿದಿದೆ ಎಂದು ಸುಲಭವಾಗಿ ನಂಬಬಾರದೆಂದು ಪಾದ್ರಿಗಳನ್ನು ಎಚ್ಚರಿಸುತ್ತದೆ, ಆ ವಿಧಿ 1999ರಲ್ಲಿ ಪರಿಷ್ಕೃತವಾಗಿ ಬಂದಾಗಲೂ ಈ ಎಚ್ಚರಿಕೆ ಉಳಿಯಿತು.

ಕತ್ತಲ ಪರದೆ ಬರೆದದ್ದು:

ಭಯದ ಬೇರು ಕಾರಣವಿಲ್ಲದಿರುವಿಕೆಯಲ್ಲಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಸಿನಿಮಾ ಕಣ್ಣಿಗೆ ಕಾಣಿಸಬೇಕಾದ ಕಲೆ. ರೂಪವಿಲ್ಲದ್ದನ್ನು ಅದು ಹೇಗೆ ತೋರಿಸಿತು ಎಂಬುದೂ ಇದರ ಅರ್ಧ ಭಾಗ.

ಮೊದಲ ದಿನಗಳಲ್ಲಿ ಯಾರಿಗೂ ಈ ಸಂಕೋಚವಿರಲಿಲ್ಲ. ಫ್ರಾನ್ಸಿನ ಜಾರ್ಜ್ ಮೆಲಿಯೆಸ್ 1896ರಲ್ಲಿ ತೆಗೆದ ಮೂರು ನಿಮಿಷದ ತುಣುಕಿನಲ್ಲಿ ಬಾವಲಿಯೊಂದು ಹಾರಿಬಂದು ಮೆಫಿಸ್ಟೋಫಿಲಿಸ್ ಎಂಬ ಪಿಶಾಚಿಯಾಗಿಬಿಡುತ್ತದೆ, ಕೊನೆಗೆ ಶಿಲುಬೆ ಕಂಡು ಓಡಿಹೋಗುತ್ತದೆ. ಅದು ಜಾದೂಗಾರನೊಬ್ಬನ ಕೈಚಳಕ, ನೋಡುವವರು ನಕ್ಕಿದ್ದರೂ ನಕ್ಕಿರಬಹುದು. 1922ರ ‘ಹೆಕ್ಸಾನ್’ನಲ್ಲಿ ಡೆನ್ಮಾರ್ಕಿನ ನಿರ್ದೇಶಕ ಬೆಂಜಮಿನ್ ಕ್ರಿಸ್ಟೆನ್ಸೆನ್ ತಾವೇ ಸೈತಾನನ ವೇಷ ಹಾಕಿ, ನಾಲಿಗೆ ಆಡಿಸುತ್ತ ಕಿಟಕಿಯಿಂದ ಇಣುಕುತ್ತಾರೆ. ಆ ಚಿತ್ರದಲ್ಲಿ ನಿಜವಾಗಿ ಹೆದರಿಸುವುದು ಆ ನಾಲಿಗೆಯಲ್ಲ. ಮಾಟಗಾತಿಯೆಂದು ಹಿಡಿದುತಂದ ಮುದುಕಿಯನ್ನು ವಿಚಾರಣೆ ಮಾಡುವ ಸನ್ಯಾಸಿಗಳ ತಣ್ಣಗಿನ ಮುಖಗಳು. 1926ರ ‘ಫೌಸ್ಟ್’ನಲ್ಲಿ ಮುರ್ನಾವ್ ಅವರು ಊರಿನ ಮೇಲೆ ಬೆಟ್ಟದಷ್ಟು ದೊಡ್ಡ ಮೆಫಿಸ್ಟೋನನ್ನು ನಿಲ್ಲಿಸುತ್ತಾರೆ. ಅವನ ಕರಿಯ ನಿಲುವಂಗಿ ಮಾಡುಗಳ ಮೇಲೆ ಹರಡಿಕೊಳ್ಳುತ್ತದೆ, ಕೆಳಗೆ ಪ್ಲೇಗು ಹಬ್ಬುತ್ತದೆ. ಸೈತಾನನನ್ನು ಪೂರ್ತಿಯಾಗಿ ತೋರಿಸಿಯೂ ಗೆದ್ದ ದೃಶ್ಯ ಇದೊಂದೇ ಎಂದು ನಾನು ಎಣಿಸುತ್ತೇನೆ, ಏಕೆಂದರೆ ಅಲ್ಲಿ ಅವನು ಒಬ್ಬ ವ್ಯಕ್ತಿಯಾಗಿ ಕಾಣದೆ ಹವಾಮಾನದಂತೆ ಕಾಣುತ್ತಾನೆ.

ತೋರಿಸಬೇಕೇ ಬೇಡವೇ ಎಂಬ ಜಗಳ ಬಯಲಿಗೆ ಬಂದದ್ದು 1957ರ ‘ನೈಟ್ ಆಫ್ ದಿ ಡೀಮನ್’ನಲ್ಲಿ. ನಿರ್ದೇಶಕ ಜಾಕ್ ಟೂರ್ನರ್ ಅನುಮಾನವನ್ನೇ ಬಂಡವಾಳ ಮಾಡಿಕೊಂಡು ಚಿತ್ರ ಕಟ್ಟಿದ್ದರು. ನಿರ್ಮಾಪಕರು ಹಟಹಿಡಿದು ಶುರುವಿನಲ್ಲಿಯೇ ಪಿಶಾಚಿಯ ಪೂರ್ತಿ ರೂಪವನ್ನು ಸೇರಿಸಿದರು. ಈಗ ನೋಡಿದರೆ ಗಾಳಿಯಲ್ಲಿ ತಾನಾಗಿಯೇ ಬೆಂಕಿಯ ಕಡೆಗೆ ಹಾರಲು ಒದ್ದಾಡುವ ಒಂದು ಕಾಗದದ ಚೂರು ನಮ್ಮ ಉಸಿರು ಹಿಡಿಸುತ್ತದೆ, ಅಷ್ಟೆತ್ತರದ ಪಿಶಾಚಿ ಗೊಂಬೆಯಂತೆ ಕಾಣುತ್ತದೆ.

ನಿರ್ದೇಶಕ ರೋಮನ್ ಪೊಲಾನ್ಸ್ಕಿ ಈ ಪಾಠವನ್ನು ಚೆನ್ನಾಗಿ ಕಲಿತಿದ್ದರು. (ಮುಂದಿನ ಸಾಲುಗಳಲ್ಲಿ 1968ರ ‘ರೋಸ್‌ಮೆರೀಸ್ ಬೇಬಿ’ಯ ಕೊನೆಯಿದೆ, ನೋಡದವರು ಬಿಟ್ಟುಬಿಡಿ.) ಸೈತಾನನಿಂದ ಹುಟ್ಟಿದ ತನ್ನ ಮಗು ಮಲಗಿರುವ, ಕರಿಯ ಬಟ್ಟೆ ಹೊದಿಸಿದ ತೊಟ್ಟಿಲಿನ ಬಳಿ ತಾಯಿ ಬರುತ್ತಾಳೆ, ಬಗ್ಗಿ ನೋಡುತ್ತಾಳೆ, ಬಾಯಿಗೆ ಕೈ ಒತ್ತಿಕೊಳ್ಳುತ್ತಾಳೆ. ಮಗುವಿನ ಕಣ್ಣಿಗೆ ಏನು ಮಾಡಿದಿರಿ ಎಂದು ಕೇಳುತ್ತಾಳೆ. ತೊಟ್ಟಿಲೊಳಗೆ ಏನಿದೆಯೆಂದು ಕ್ಯಾಮೆರಾ ನಮಗೆ ತೋರಿಸುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಗು ಅಳುತ್ತದೆ, ಅವಳು ತೊಟ್ಟಿಲು ತೂಗಲು ಕೈಹಾಕುತ್ತಾಳೆ. ನಾನು ಎರಡು ಮಕ್ಕಳನ್ನು ತೂಗಿ ಮಲಗಿಸಿದವನು. ಆ ಕೈ ಮುಂದಕ್ಕೆ ಹೋಗುವುದನ್ನು ನೋಡಿದಾಗ ಅದು ತಪ್ಪು ಎಂದು ಹೇಳಲು ನನ್ನಿಂದ ಆಗಲಿಲ್ಲ.

ಶಬ್ದಗ್ರಾಹಿ ಬರೆದದ್ದು:

ರೂಪವಾಯಿತು, ದನಿಯ ಮಾತು ಯಾರೂ ಎತ್ತಲಿಲ್ಲ. ರೇಗನ್‌ಳ ಬಾಯಿಂದ ಬರುವ ಪಿಶಾಚಿಯ ದನಿ ಮರ್ಸಿಡಿಸ್ ಮೆಕೇಂಬ್ರಿಜ್ ಎಂಬ ಅನುಭವಿ ನಟಿಯದು. ಗಂಟಲು ಕೆಡಲೆಂದು ಹಸಿ ಮೊಟ್ಟೆ ನುಂಗಿ, ಸಿಗರೇಟು ಸೇದಿ ದನಿ ಕೊಟ್ಟರು. ಗಂಡೂ ಅಲ್ಲದ ಹೆಣ್ಣೂ ಅಲ್ಲದ, ಒಂದೇ ಗಂಟಲಿನಲ್ಲಿ ಹಲವರು ಉಸಿರಾಡುತ್ತಿರುವಂತಹ ಆ ದನಿ ಯಂತ್ರದಿಂದ ಬಂದದ್ದಲ್ಲ, ಒಂದು ಮನುಷ್ಯದೇಹದಿಂದ ಬಂದದ್ದು ಎಂಬುದೇ ಅದರ ಬಲ. ಕೋಣೆಯ ಚಳಿಯೂ ಹಾಗೆಯೇ: ಸೆಟ್ಟನ್ನೇ ಶೀತಲಗೃಹದಂತೆ ತಣ್ಣಗಾಗಿಸಿದ್ದರಿಂದ ಪಾದ್ರಿಗಳ ಬಾಯಿಂದ ಹೊರಡುವ ಹಬೆ ನಿಜವಾದ ಹಬೆ. 1976ರ ‘ದಿ ಓಮನ್’ ಇದಕ್ಕೆ ಎದುರು ದಾರಿ ಹಿಡಿಯಿತು. ಜೆರ್ರಿ ಗೋಲ್ಡ್‌ಸ್ಮಿತ್ ಅವರು ಚರ್ಚಿನ ಲ್ಯಾಟಿನ್ ಗಾಯನವನ್ನೇ ಸೈತಾನನ ಸ್ತೋತ್ರವಾಗಿ ತಿರುಗಿಸಿ ಆಸ್ಕರ್ ಪಡೆದರು. ಆ ಗಾಯನ ಅದ್ಭುತ, ಆದರೆ ಅದು ಏಳುತ್ತಿದ್ದಂತೆ ಯಾರೋ ಸಾಯುತ್ತಾರೆಂದು ತಿಳಿದುಬಿಡುತ್ತದೆ.

ವೈದ್ಯೆ ಬರೆದದ್ದು:

ಕೊಡಿಯಾಲ್ ಅವರ ಆಸ್ಪತ್ರೆಯ ಮಾತನ್ನು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ವೈದ್ಯರು ಸೋತ ಮೇಲೆ ಪಾದ್ರಿಗಳು ಗೆಲ್ಲುತ್ತಾರೆ ಎಂಬ ಕ್ರಮ ಚಿತ್ರಕಥೆಗೆ ಚೆನ್ನಾಗಿ ಒಗ್ಗುತ್ತದೆ, ಆದರೆ ಆ ಕ್ರಮವನ್ನು ಬದುಕಿನಲ್ಲಿ ನಂಬಿದ ಮನೆಗಳಲ್ಲಿ ಏನಾಗುತ್ತದೆ ಎಂಬುದನ್ನು ನಾವು ಮರೆಯಬಾರದು. ಜರ್ಮನಿಯ ಬವೇರಿಯಾದ ಆನೆಲೀಸ ಮಿಶೆಲ್ ಎಂಬ ವಿದ್ಯಾರ್ಥಿನಿಗೆ ಅಪಸ್ಮಾರವಿತ್ತು, ಔಷಧ ನಡೆಯುತ್ತಿತ್ತು. 1975ರಿಂದ ಸುಮಾರು ಹತ್ತು ತಿಂಗಳಲ್ಲಿ 67 ಬಾರಿ ಅವಳಿಗೆ ಪಿಶಾಚಿ ಬಿಡಿಸುವ ವಿಧಿ ನಡೆಯಿತು. ಅವಳು ಊಟ ಬಿಟ್ಟಳು. 1976ರ ಜುಲೈ 1ರಂದು, 23ನೆಯ ವಯಸ್ಸಿನಲ್ಲಿ, ಸುಮಾರು 30 ಕಿಲೋ ತೂಕಕ್ಕೆ ಇಳಿದು ಸತ್ತಳು. 1978ರಲ್ಲಿ ನ್ಯಾಯಾಲಯ ತಂದೆತಾಯಿಯನ್ನೂ ಇಬ್ಬರು ಪಾದ್ರಿಗಳನ್ನೂ ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದವರೆಂದು ತೀರ್ಮಾನಿಸಿತು.

ಈ ಒಂದೇ ಬದುಕಿನಿಂದ ಎರಡು ಚಿತ್ರಗಳು ಹುಟ್ಟಿದವು. 2005ರ ‘ದಿ ಎಕ್ಸಾರ್ಸಿಸಮ್ ಆಫ್ ಎಮಿಲಿ ರೋಸ್’ ಅದನ್ನು ಅಮೆರಿಕದ ನ್ಯಾಯಾಲಯಕ್ಕೆ ತಂದು, ಪಿಶಾಚಿ ಇದ್ದರೂ ಇರಬಹುದು ಎನ್ನುವಂತೆ ಹೆದರಿಸುತ್ತದೆ. 2006ರ ಜರ್ಮನ್ ಚಿತ್ರ ‘ರೆಕ್ವಿಯೆಮ್’ನಲ್ಲಿ ಒಂದು ವಿಶೇಷ ಸದ್ದೂ ಇಲ್ಲ, ಒಂದು ಬಿಳಿ ಕಣ್ಣೂ ಇಲ್ಲ, ಮನೆಯಿಂದ ದೂರ ಓದಲು ಹೋದ ಹುಡುಗಿ, ಅವಳ ಕಟ್ಟುನಿಟ್ಟಿನ ತಾಯಿ, ಜಪಮಾಲೆಯನ್ನು ಮುಟ್ಟಲಾಗದೆ ಹಿಂದಕ್ಕೆ ಸರಿಯುವ ಅವಳ ಕೈ. ಎರಡನೆಯದನ್ನು ಎಲ್ಲರೂ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಗಾಳಿ ಸೋಕಿದೆ ಎಂದು ಮೊದಲು ಬೇರೆಲ್ಲ ಕಡೆ ತೋರಿಸಿ, ಹೊಡೆಸಿ, ಹೊಗೆ ಹಾಕಿಸಿ, ತಿಂಗಳುಗಟ್ಟಲೆ ತಡವಾಗಿ ನನ್ನ ಬಳಿಗೆ ಬರುವ ಹೆಣ್ಣುಮಕ್ಕಳನ್ನು ನಾನು ಈಗಲೂ ನೋಡುತ್ತೇನೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆದು ಹಿಂಸಿಸುವುದು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ಮತ್ತು ವಾಮಾಚಾರ ತಡೆ ಕಾಯ್ದೆಯ ಪ್ರಕಾರ ಅಪರಾಧ. ಚಿತ್ರ ಮಾಡುವವರ ಕೈಕಟ್ಟಬೇಕು ಎನ್ನುತ್ತಿಲ್ಲ. ‘ರೆಕ್ವಿಯೆಮ್’ನಂಥ ಚಿತ್ರ ಕನ್ನಡದಲ್ಲಿಯೂ ಬರಲಿ ಎಂಬ ಆಸೆ ನನ್ನದು.

ಅಡಕೆ ತೋಟ ಬರೆದದ್ದು:

ನನ್ನ ಆಯ್ಕೆ ರಾಬರ್ಟ್ ಎಗರ್ಸ್ ಅವರ 2015ರ ‘ದಿ ವಿಚ್’ (ಇಲ್ಲಿಯೂ ಕೊನೆಯ ದೃಶ್ಯ ಬರುತ್ತದೆ). 1630ರ ದಶಕದ ನ್ಯೂ ಇಂಗ್ಲೆಂಡ್, ಊರಿನವರೊಡನೆ ಮತದ ವಿಷಯಕ್ಕೆ ಮುರಿದುಕೊಂಡು ಕಾಡಂಚಿಗೆ ಬಂದ ಒಂದು ಸಂಸಾರ. ಜೋಳದ ತೆನೆಗೆ ರೋಗ ಬಿದ್ದಿದೆ, ಆಡು ಹಾಲಿನ ಬದಲು ರಕ್ತ ಕೊಡುತ್ತದೆ. ಎಲ್ಲರನ್ನೂ ಕಳೆದುಕೊಂಡ ಹುಡುಗಿ ಕೊನೆಗೆ ಕೊಟ್ಟಿಗೆಗೆ ಹೋಗಿ ಕರಿಯ ಹೋತದೊಡನೆ ಮಾತನಾಡುತ್ತಾಳೆ, ಅದು ತಿರುಗಿ ಮಾತನಾಡುತ್ತದೆ. ಸೈತಾನನ ಮುಖವನ್ನು ನಾವು ಕಾಣುವುದಿಲ್ಲ. ಅವನು ಅವಳಿಗೆ ಮೊದಲು ಒಡ್ಡುವ ಆಸೆ ಸಿಂಹಾಸನವಲ್ಲ, ಬೆಣ್ಣೆಯ ರುಚಿ. ಆಮೇಲೆ ಒಂದು ಚೆಂದದ ಉಡುಪು.

ಬೆಳೆ ಕೈಕೊಟ್ಟ ವರ್ಷ ಕಂಡ ಮನೆಯಲ್ಲಿ ಬೆಳೆದವನಿಗೆ ಆ ಬೆಣ್ಣೆಯ ತೂಕ ತಿಳಿಯುತ್ತದೆ. ಕೊಳೆರೋಗಕ್ಕೆ ಅಡಕೆಯೆಲ್ಲ ಉದುರಿದ ಒಂದು ಮಳೆಗಾಲದಲ್ಲಿ ಅಮ್ಮ ಬೆಣ್ಣೆ ಕಾಯಿಸಿ ತುಪ್ಪವನ್ನೆಲ್ಲ ಮಾರಲು ಕಟ್ಟಿಡುತ್ತಿದ್ದಳು, ನಮಗೆ ಪಾತ್ರೆಯ ತಳದ ಗಸಿ ಮಾತ್ರ. ಇಲ್ಲಿ ಸೈತಾನ ಮೈಮೇಲೆ ಬರುವುದಿಲ್ಲ, ಕೇಳುತ್ತಾನೆ. ಅವಳು ಒಪ್ಪಬೇಕು, ಪುಸ್ತಕದಲ್ಲಿ ಹೆಸರು ಬರೆಯಬೇಕು. ತನಗೆ ಬರೆಯಲು ಬಾರದು ಎಂದಾಗ, ಕೈಹಿಡಿದು ಬರೆಸುತ್ತೇನೆ ಎನ್ನುತ್ತಾನೆ. ಅವಳ ಮನೆಯವರು ಅವಳೊಡನೆ ಇಷ್ಟು ಮೃದುವಾಗಿ ಮಾತನಾಡಿದ್ದು ಇಡೀ ಚಿತ್ರದಲ್ಲಿ ಅಪರೂಪ, ನನಗೆ ಹೆದರಿಕೆ ಹುಟ್ಟಿಸಿದ್ದು ಅದು.

ತಾಯತ ಬರೆದದ್ದು:

‘ದಿ ಎಕ್ಸಾರ್ಸಿಸ್ಟ್’ಗೆ ಮರಳುತ್ತೇನೆ, ಏಕೆಂದರೆ ಅಲ್ಲಿರುವುದು ಸೈತಾನನಲ್ಲ. ಇರಾಕಿನಲ್ಲಿ ನಡೆಯುವ ಮೊದಲ ಭಾಗದಲ್ಲಿ ಹಿರಿಯ ಪಾದ್ರಿಗಳ ಎದುರು ನಿಂತಿರುವ ವಿಗ್ರಹ ಪಜೂಜುವಿನದು, ಪ್ರಾಚೀನ ಮೆಸಪೊಟೇಮಿಯದ ಗಾಳಿಪಿಶಾಚಿಗಳ ಒಡೆಯ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಅವನ ಕಂಚಿನ ಮೂರ್ತಿಯೊಂದಿದೆ. ಸಿನಿಮಾದ ಎತ್ತರವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿದ್ದ ನನಗೆ ಗಾಜಿನ ಹಿಂದೆ ಕಂಡದ್ದು ಒಂದು ಗೇಣಿಗಿಂತ ಚಿಕ್ಕದಾದ, ಸುಮಾರು 15 ಸೆಂಟಿಮೀಟರಿನ ಗೊಂಬೆ. ನಾಲ್ಕು ರೆಕ್ಕೆ, ಚೇಳಿನ ಬಾಲ, ನಾಯಿಯಂಥ ಮೂತಿ, ನೆತ್ತಿಯ ಮೇಲೆ ಒಂದು ಬಳೆ. ಆ ಬಳೆ ದಾರ ಪೋಣಿಸಿ ತೂಗುಹಾಕಲು.

ಮಕ್ಕಳನ್ನೂ ಬಾಣಂತಿಯರನ್ನೂ ಕಾಡುವ ಲಮಶ್ತು ಎಂಬ ಹೆಣ್ಣುಪಿಶಾಚಿಯನ್ನು ಓಡಿಸುವವನು ಪಜೂಜು ಎಂಬುದು ಅವರ ನಂಬಿಕೆ. ಲಮಶ್ತು ಎಳೆಗೂಸಿಗೆ ಮೊಲೆಯೂಡಿಸಲು ಬರುವವಳು. ನಮ್ಮ ಪೂತನಿ ನೆನಪಾಗದೆ ಇರುವುದಿಲ್ಲ. ಗರ್ಭಿಣಿಯರು ಪಜೂಜುವಿನ ತಲೆಯನ್ನು ತಾಯತದಂತೆ ಕಟ್ಟಿಕೊಳ್ಳುತ್ತಿದ್ದರು, ಕೋಣೆಯಲ್ಲಿ ತೂಗುಹಾಕುತ್ತಿದ್ದರು. ತಾಯಿ ಮಗುವನ್ನು ಕಾಯಲೆಂದು ಮಾಡಿದ ಮುಖವೇ ಎರಡೂವರೆ ಸಾವಿರ ವರ್ಷಗಳ ಮೇಲೆ ಒಬ್ಬ ತಾಯಿಯ ಒಬ್ಬಳೇ ಮಗಳನ್ನು ಹಿಡಿಯುವ ಪಿಶಾಚಿಯಾಯಿತು.

ಟೆಂಟ್ ಸಿನಿಮಾ ಬರೆದದ್ದು:

ತಾಯತ ಅವರೇ, ನನ್ನ ಮೊದಲ ಬರಹದ ಮುಖ್ಯ ವಾಕ್ಯವನ್ನೇ ನಾನು ಹಿಂತೆಗೆದುಕೊಳ್ಳಬೇಕಾಗಿದೆ. ಫ್ಲ್ಯಾಶ್‌ಬ್ಯಾಕ್ ಇಲ್ಲ ಎಂದಿದ್ದೆ. ಇತ್ತು, ಚಿತ್ರ ಅದನ್ನು ಹೇಳಲಿಲ್ಲ. ಇನ್ನೊಬ್ಬರ ದೈವದಿಂದ ಅದರ ಕಥೆಯನ್ನು ಕಳಚಿಬಿಟ್ಟರೆ ಉಳಿಯುವುದು ಸೈತಾನ.

ಇದು ನಮಗೂ ಆಗಿದೆ. ತುಳುನಾಡಿನ ಭೂತಾರಾಧನೆಯ ಪಾಡ್ದನಗಳನ್ನು ಸಂಗ್ರಹಿಸಿ ಇಂಗ್ಲಿಷಿಗೆ ತಂದ ಎ. ಸಿ. ಬರ್ನೆಲ್ ಅವರ ಕೆಲಸ 1890ರ ದಶಕದಲ್ಲಿ ಅಚ್ಚಾದಾಗ ಅದರ ಶೀರ್ಷಿಕೆ ತುಳುವರ ‘ಡೆವಿಲ್’ ಪೂಜೆ ಎಂದಿತ್ತು. ಪಾಡ್ದನವೆಂದರೆ ದೈವದ ಹುಟ್ಟು, ನಡೆದು ಬಂದ ದಾರಿ, ನೆಲೆನಿಂತ ಊರು ಎಲ್ಲವನ್ನೂ ಹಾಡಿ ಹೇಳುವುದು. ಅಷ್ಟೂ ಕಥೆಯನ್ನು ಒಳಗೆ ಇಟ್ಟುಕೊಂಡ ಪುಟಗಳ ಮೇಲೆ ಕಥೆಯೇ ಇಲ್ಲದವನ ಹೆಸರು. ಸಿನಿಮಾಗಳ ಬಗ್ಗೆ ಬರೆಯುವಾಗ ನಾನು ‘ದೆವ್ವ’ ಎನ್ನದೆ ‘ಸೈತಾನ’ ಎಂದದ್ದು ಎರಡನ್ನೂ ಕಲಸಬಾರದೆಂಬ ಎಚ್ಚರಿಕೆಯಿಂದ. ಆದರೆ ಪಜೂಜುವನ್ನು ನಾನೇ ಕಲಸಿಬಿಟ್ಟಿದ್ದೆ.

ಕೊಡಿಯಾಲ್ ಬರೆದದ್ದು:

ನಿನ್ನೆ ರಾತ್ರಿ ಚಿತ್ರದ ಮೊದಲ ಹತ್ತು ನಿಮಿಷವನ್ನು ಮತ್ತೆ ನೋಡಿದೆ. ಟೆಂಟ್ ಸಿನಿಮಾ ಅವರೇ, ನಿಮ್ಮ ವಾಕ್ಯವನ್ನು ಪೂರ್ತಿ ಹಿಂತೆಗೆದುಕೊಳ್ಳಬೇಕಾಗಿಲ್ಲ. ಅಗೆತದಲ್ಲಿ ಸಿಕ್ಕ ವಸ್ತುಗಳನ್ನು ಮೇಜಿನ ಮೇಲೆ ಹರಡಿಕೊಂಡು ಹಿರಿಯ ಪಾದ್ರಿಗಳು ಕುಳಿತಿರುತ್ತಾರೆ. ಪಜೂಜುವಿನ ಪುಟ್ಟ ತಲೆಯೊಂದನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ. ಎದುರಿಗಿರುವ ಇರಾಕಿನ ವಿದ್ವಾಂಸರು, ಕೇಡಿಗೆ ಎದುರಾಗಿ ಕೇಡು, ಎಂಬರ್ಥದ ಒಂದೇ ಮಾತು ಹೇಳುತ್ತಾರೆ. ತಾಯತ ಅವರು ಬರೆದದ್ದೆಲ್ಲ ಆ ಮಾತಿನಲ್ಲಿದೆ. ಇಷ್ಟು ವರ್ಷ ನಾನು ಅದನ್ನು ಕೇಳಿಸಿಕೊಂಡಿದ್ದರೂ ಗಮನಿಸಿರಲಿಲ್ಲ, ಏಕೆಂದರೆ ಅದೇ ಕೋಣೆಯಲ್ಲಿ, ಅವರ ಬೆನ್ನ ಹಿಂದಿನ ಗೋಡೆಯಲ್ಲಿ, ಗಡಿಯಾರದ ಲೋಲಕ ಸದ್ದಿಲ್ಲದೆ ನಿಂತುಬಿಡುತ್ತದೆ. ನನ್ನ ಕಣ್ಣು ಪ್ರತಿ ಸಲವೂ ಅಲ್ಲಿಗೇ ಹೋಗುತ್ತಿತ್ತು.